ಬಲಗೈಯ ಪಕ್ಷಪಾತಿ

ಭಗವಂತ ಮನುಷ್ಯನಿಗೆ ಎರಡು ಕೈಗಳನ್ನು ಕೊಟ್ಟ. ಶಾಸ್ತ್ರ ಅವುಗಳಲ್ಲಿ ಒಂದನ್ನೇ ಕೆಲಸಕ್ಕೆ ಇಟ್ಟುಕೊಂಡಿತು. ಆಚಮನ, ಅರ್ಚನೆ, ದಾನ, ಭೋಜನ ಎಲ್ಲವೂ ಬಲಗೈಯ ಪಾಲು. ಉಳಿದದ್ದು ಎಡಗೈಗೆ. ಅದೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಸಂಪೂರ್ಣ ಶ್ರದ್ಧೆಯಿದೆ. ಆದ್ದರಿಂದಲೇ ಹದಿಮೂರು ವರ್ಷದ ಮೊಮ್ಮಗಳು ಮೇದಿನಿ ಎಡಗೈಯಲ್ಲಿ ಬರೆಯುವುದನ್ನು ಸಹಿಸಿದೆನಾದರೂ, ಎಡಗೈಯಲ್ಲಿ ಮಂಗಳಾರತಿ ಎತ್ತುವುದನ್ನು ಮಾತ್ರ ಒಪ್ಪಲಿಲ್ಲ.

"ನಮ್ಮ ಪಾಡಾದಲ್ಲೇ ಸಬ್ಯಸಾಚಿ ಅಂತ ಹೆಸರಿರೋರು ಮೂರು ಜನ ಇದಾರೆ ತಾತ. ಅರ್ಜುನ ಎಡಗೈಯಲ್ಲಿ ಬಾಣ ಬಿಟ್ರೆ ಹೀರೋ, ನಾನು ಆರತಿ ಎತ್ತಿದ್ರೆ ಛೀನಾ?" ಎಂದು ಅವಳು ವಾದಿಸಿದಳು. ಪಾಡಾ ಎಂದರೆ ಬಂಗಾಳಿಯಲ್ಲಿ ಕೇರಿ; ಸಬ್ಯಸಾಚಿ ನಮ್ಮ ಸವ್ಯಸಾಚಿಯೇ.

"ಅರ್ಜುನ ಎಡಗೈಯಲ್ಲಿ ಬಾಣ ಬಿಟ್ಟನಮ್ಮ, ಆರತಿ ಎತ್ತಲಿಲ್ಲ" ಎಂದೆ. ಕೋಲ್ಕತ್ತೆಯ ಬಾಲಿಗಂಜಿನ ನಮ್ಮ ಫ್ಲಾಟಿನಲ್ಲಿ ನನ್ನ ಪಾಂಡಿತ್ಯಕ್ಕೆ ಇನ್ನೂ ಅಷ್ಟು ಬೆಲೆಯಿತ್ತು.

ಅವಳ ಶಾಲೆಯಲ್ಲಿ ಬೇಸ್‌ಬಾಲ್ ಆರಂಭವಾದ ಮೇಲೆ ಆ ಬೆಲೆ ಇಳಿಯಿತು. ಅಮೆರಿಕದ ರಾತ್ರಿಯ ಆಟಗಳು ನಮಗೆ ಬೆಳಗಿನ ಹೊತ್ತಿಗೆ, ಸರಿಯಾಗಿ ನನ್ನ ಜಪದ ವೇಳೆಗೆ ಬರುತ್ತವೆ. ಅದರಲ್ಲೊಬ್ಬ ಎಡಗೈಯವನನ್ನು ಅವಳು ಆರಾಧಿಸುತ್ತಿದ್ದಳು. "ಅವನು ರಿಲೀಫ್ ಪಿಚರ್, ತಾತ" ಎಂದಳು. ನನ್ನ ಮೈಸೂರಿನ ಕಿವಿಗೆ ಅದು ಪಿಚ್ಚರ್ ಎಂದೇ ಕೇಳಿಸಿತು. ನೆರೆಪರಿಹಾರಕ್ಕೆ ಸಹಾಯಾರ್ಥ ತೋರಿಸುವ ಸಿನಿಮಾ ಇರಬೇಕೆಂದು, "ಟಾಲಿಗಂಜಿನ ಸ್ಟುಡಿಯೋದಲ್ಲಿ ತೆಗೆದದ್ದೇ?" ಎಂದು ಆಸಕ್ತಿಯಿಂದ ವಿಚಾರಿಸಿದೆ. ಅವಳು ಹಣೆ ಚಚ್ಚಿಕೊಂಡು, "ಉಫ್! ಬಾಲ್ ಎಸೆಯೋನು!" ಎಂದಳು.

ಆಮೇಲೆ ತಿಳಿದುಕೊಂಡೆ. ಮೊದಲು ಎಸೆಯುವವನು ದಣಿದಾಗ ಅಥವಾ ಪೆಟ್ಟು ತಿಂದಾಗ, ಮೂಲೆಯಲ್ಲಿ ಕುಳಿತಿರುವ ಇವನನ್ನು ಕರೆಯುತ್ತಾರೆ. ಎದುರಿಗೂ ಎಡಗೈಯ ದಾಂಡಿಗನೇ ಇರಬೇಕು. ಇವನು ನಾಲ್ಕು ಚೆಂಡು ಎಸೆದು, ಆ ಒಬ್ಬನನ್ನು ಹೊರಗೆ ಕಳಿಸಿ, ತಾನೂ ಹೋಗಿ ಕುಳಿತುಬಿಡುತ್ತಾನೆ. ಹದಿನಾಲ್ಕು ವರ್ಷಗಳಿಂದ, ಆರು ತಂಡಗಳಲ್ಲಿ, ಇದೊಂದೇ ಅವನ ವೃತ್ತಿ. ಕೇಳಿದಾಗ ನನಗೆ ಪರಿಚಿತರೊಬ್ಬರನ್ನು ಕಂಡಂತಾಯಿತು. ಕೋಲ್ಕತ್ತೆಯ ಕನ್ನಡದ ಮನೆಗಳಲ್ಲಿ ಶ್ರಾದ್ಧಕ್ಕೆ ಗೊತ್ತುಮಾಡಿದ ಬ್ರಾಹ್ಮಣರಿಗೆ ಜ್ವರ ಬಂದಾಗ ಮಾತ್ರ ನೆನಪಾಗುವವನು ನಾನು.

ಆದರೆ ಕರೆಸಿಕೊಂಡವನು ಕನಿಷ್ಠ ಮೂವರಿಗಾದರೂ ಎಸೆಯಲೇಬೇಕೆಂದು ಅಲ್ಲಿ ನಿಯಮ ಬಂದಿತ್ತು. ಒಬ್ಬನಿಗಾಗಿಯೇ ಪಳಗಿದ ಕೈಗೆ ಮೂವರು ಭಾರವಾದರು. ಇನ್ನೊಮ್ಮೆ ಸೋತರೆ ಅವನನ್ನು ಮನೆಗೆ ಕಳಿಸುವರೆಂದು ಮೇದಿನಿ ಕಂಗಾಲಾಗಿದ್ದಳು. ವರಮಹಾಲಕ್ಷ್ಮಿಯ ಹಿಂದಿನ ದಿನ ಬೆಳಿಗ್ಗೆ ಅವನನ್ನು ಕರೆದರು.

"ತಾತ, ಬೆಟ್! ಮೂರೂ ಔಟ್ ಮಾಡಿದ್ರೆ ನಾಳೆ ನಾನು ಎಡಗೈಯಲ್ಲೇ ಆರತಿ ಎತ್ತೋದು."

"ಮಾಡದಿದ್ದರೆ?"

"ಬಲಗೈ. ಜನ್ಮದಲ್ಲಿ ಇನ್ನು ಕೇಳಲ್ಲ. ಪಾಕ್ಕಾ!"

ದ್ಯೂತ ನಿಷಿದ್ಧವೆಂದು ಎಷ್ಟೋ ಸಲ ಉಪದೇಶಿಸಿದ ನಾಲಗೆಯೇ "ಆಗಲಿ" ಎಂದಿತು.

ಮೊದಲನೆಯವನು ಬೀಸಿ ಬೀಸಿ ಸೋತ. ಎರಡನೆಯವನ ಚೆಂಡು ಆಕಾಶಕ್ಕೆ ಹೋಗಿ ಯಾರದೋ ಕೈಗೆ ಬಿತ್ತು. ನನ್ನ ಜಪಮಣಿ ಎಲ್ಲಿಯೋ ನಿಂತಿತ್ತು. ಮೂರನೆಯವನು ಮಾತ್ರ ಮೊದಲ ಚೆಂಡನ್ನೇ ಪ್ರೇಕ್ಷಕರ ನಡುವೆ ಕಳಿಸಿದ. ತಂಡದ ಹಿರಿಯ ನಡೆದುಬಂದು ಕೈ ಚಾಚಿದ; ನಮ್ಮವನು ಚೆಂಡನ್ನು ಅವನ ಅಂಗೈಯಲ್ಲಿಟ್ಟು ತಲೆತಗ್ಗಿಸಿ ಹೊರಟ. ಮೇದಿನಿ ಪರದೆ ಆರಿಸಿದಳು. ಮರುದಿನ ಅವನನ್ನು ತಂಡದಿಂದ ಕೈಬಿಟ್ಟ ಸುದ್ದಿಯನ್ನು ನನಗೆ ಅವಳೇ ತಿಳಿಸಿದಳು. ಶಾಸ್ತ್ರ ಗೆದ್ದಿತ್ತು, ಕಾಫಿ ಮಾತ್ರ ರುಚಿಸಲಿಲ್ಲ.

ಸಂಜೆ ಅವಳು ಮಾತಿಗೆ ತಪ್ಪದೆ ಬಲಗೈಯಲ್ಲಿ ತಟ್ಟೆ ಎತ್ತಿದಳು. ಮುತ್ತೈದೆಯರು ಹಾಡುತ್ತಿದ್ದರು. ಎರಡನೆಯ ಸುತ್ತಿಗೆ ಅವಳ ಮಣಿಕಟ್ಟು ನಡುಗಿತು. ಉರಿಯುವ ಕರ್ಪೂರದ ತಟ್ಟೆ ಅವಳ ರೇಷ್ಮೆ ಲಂಗದ ಕಡೆಗೆ ವಾಲಿತು. ಯಾರದೋ ಕೈ ಚಿಮ್ಮಿ ಬಂದು ಅದನ್ನು ನಡುದಾರಿಯಲ್ಲೇ ಹಿಡಿಯಿತು. ಎಡಗೈ. ಅದರ ತೋಳನ್ನು ಹಿಂಬಾಲಿಸಿ ನೋಡಿದರೆ ಕೊನೆಯಲ್ಲಿ ನಾನಿದ್ದೆ.

ಹಾಡು ನಿಂತಿತು. "ತಾತ! ತುಮಿಓ ನ್ಯಾಟಾ?" ಎಂದಳು ಮೇದಿನಿ. ಆಶ್ಚರ್ಯವಾದಾಗ ಅವಳಿಗೆ ಬಂಗಾಳಿಯೇ ಬರುತ್ತದೆ. ನೀನೂ ಎಡಚನಾ ಎಂದು ಅದರ ಅರ್ಥ.

"ತಟ್ಟೆ ಬಿಸಿಯಿತ್ತು" ಎಂದೆ, ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲದೆ.

ನನ್ನ ಹೆಂಡತಿ ಅಕ್ಷತೆಯ ಬಟ್ಟಲಿನಿಂದ ತಲೆಯೆತ್ತಲಿಲ್ಲ. "ತಾಳಿ ಕಟ್ಟುವಾಗ ಮೊದಲನೇ ಗಂಟಿಗೇ ಗೊತ್ತಾಯ್ತು ನಂಗೆ. ಚಿಕ್ಕೋರಿದ್ದಾಗ ಅವರಪ್ಪ ಹೊಡೆದು ಬಿಡಿಸಿದ್ರಂತೆ. ಪಾಪ, ಇಷ್ಟು ಕಷ್ಟಪಟ್ಟು ಮುಚ್ಚಿಡ್ತಿದಾರಲ್ಲ ಅಂತ ನಾನೂ ಸುಮ್ಮನಿದ್ದೆ."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕರ್ಪೂರ ಇನ್ನೂ ಉರಿಯುತ್ತಿತ್ತು. ದೇವಿಯನ್ನು ಕಾಯಿಸುವುದು ಸರಿಯಲ್ಲ. ತಟ್ಟೆಯನ್ನು ಮೇದಿನಿಯ ಕಡೆಗೆ ಚಾಚಿದೆ. ಅವಳು ಅದನ್ನು ಯಾವ ಕೈಯಲ್ಲಿ ತೆಗೆದುಕೊಂಡಳೆಂದು ನನ್ನನ್ನು ಕೇಳಬೇಡಿ. ಅಷ್ಟರಲ್ಲಿ ನಾನು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ಕೈಮುಗಿದಿದ್ದೆ. ಎಂಥ ಭಕ್ತಿಯೆಂದು ನೆರೆಮನೆಯವರು ಇಂದಿಗೂ ಹೇಳುತ್ತಾರೆ.