ಬಿಚ್ಚದ ಪೆಟ್ಟಿಗೆಯ ಕೈಪಿಡಿ

ಮುಕುಂದಯ್ಯ ಮಾಡಿದ ತಪ್ಪು ಇಷ್ಟೇ: ರಜೆ ಅರ್ಜಿಯನ್ನು ಮುದ್ದಾದ ಅಕ್ಷರದಲ್ಲಿ ಬರೆದ. ಅಲ್ಲ ಸ್ವಾಮಿ, ಸರ್ಕಾರಿ ಗುಮಾಸ್ತನಿಗೆ ಇಂಥ ಅಕ್ಷರ ಯಾಕೆ ಬೇಕಿತ್ತು?

ಕಾರ್ಗಲ್‌ನ ಆ ಕಚೇರಿಯ ಸಾಹೇಬರು ಧರ್ಮಪ್ಪನವರು ರಜೆಯ ಕಾರಣ ಓದಲೇ ಇಲ್ಲ, ಅಕ್ಷರ ನೋಡಿದರು.

“ಏನ್ರೀ, ಇಷ್ಟು ಚೆನ್ನಾಗಿ ಬರೀತೀರಾ! ಕೈಯಲ್ಲಿ ಹಿಡ್ಕೊಂಡು ಓಡಾಡೋ ಕಂಪ್ಯೂಟರ್ ಬಂದಿದೆ. ಅದಕ್ಕೆ ಪ್ರೋಗ್ರಾಂ ಬರೆಯೋರಿಗೆ ಒಂದು ಕೈಪಿಡಿ ಬೇಕು. ಐದು ಗಂಟೆಗೆ ಕೊಡಿ, ರಜೆಗೆ ಸಹಿ ಹಾಕ್ತೀನಿ.”

“ಸಾರ್, ನಾನು ಕಂಪ್ಯೂಟರ್ ನೋಡೇ ಇಲ್ಲ.”

“ನಾನು ನೋಡಿದೀನಾ? ಹೋಗಿ ಬರೀರಿ.”

ಇದು ಎಂಬತ್ತಾರನೇ ಇಸವಿಯ ಮಾತು. ಮುಕುಂದಯ್ಯ ಗೋಡೆಯ ಗಡಿಯಾರ ನೋಡಿದ. ನಾಳೆ ನಿಟ್ಟೂರಿನ ಮಾವನ ಮನೆಯಲ್ಲಿ ಮಗಳ ನಾಮಕರಣ. ತೀರಿಹೋದ ಅಮ್ಮನ ಹೆಸರು ಶರಾವತಿ. ಅದನ್ನೇ ಮಗುವಿನ ಕಿವಿಯಲ್ಲಿ ಹೇಳಬೇಕೆಂದು ಅವನ ಆಸೆ. ಅಪ್ಪ ಬಾರದಿದ್ದರೆ ಸೋದರಮಾವ ವಿಘ್ನೇಶ್ವರ ಹೆಸರಿಡುವುದೆಂದು ಮಾತಾಗಿತ್ತು. ಅವನಂತೂ ‘ಪಿಂಕಿ’ ಎಂದು ಆರಿಸಿಕೊಂಡು ಕಾದು ಕೂತಿದ್ದ. ಐದೂವರೆಯ ಬಸ್ಸು ತಪ್ಪಿದರೆ ಪಿಂಕಿಯೇ ಗತಿ.

ಯಂತ್ರವನ್ನಾದರೂ ನೋಡೋಣವೆಂದು ಉಗ್ರಾಣಕ್ಕೆ ಓಡಿದ. ಸ್ಟೋರ್ ಕೀಪರ್ ಹುಲಿಯಪ್ಪ ಯಂತ್ರದ ಪೆಟ್ಟಿಗೆಯ ಮೇಲೆಯೇ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ.

“ಬಿಚ್ಚೋಕಾಗಲ್ಲ ಮಾರಾಯ್ರೆ. ಕೈಪಿಡಿ ಓದದೆ ಬಿಚ್ಚಬಾರ್ದು ಅಂತ ಮೇಲೇ ಬರ್ದಿದೆ.”

“ಆ ಕೈಪಿಡಿ ನಾನೇ ಬರೀಬೇಕಲ್ಲೋ ಮಾರಾಯಾ!”

“ಬರೀರಿ. ಓದ್ತೀನಿ. ಆಮೇಲೆ ಬಿಚ್ತೀನಿ.”

ಸರಿ, ಮೊದಲು ಅಧ್ಯಾಯಗಳ ಪಟ್ಟಿಯಾದರೂ ಆಗಲಿ ಎಂದು ಮುಕುಂದಯ್ಯ ಬಂದು ಕೂತ. ಟೈಪಿಸ್ಟ್ ವರದಮ್ಮ ಬಗ್ಗಿ ನೋಡಿದಳು. “ರಿಬ್ಬನ್ ಬದಲಾಯಿಸೋದು ಎಲ್ಲಿ? ರಿಬ್ಬನ್ ಇಲ್ದಿರೋ ಯಂತ್ರ ಇರ್ತದಾ?”

ಸೇರಿಸಿದ. ಜೀಪಿನ ಡ್ರೈವರ್ ಮಾಸ್ತಪ್ಪ ಬಂದ. “ಘಾಟಿಯಲ್ಲಿ ವಾಂತಿ ಆದ್ರೆ ಏನ್ ಮಾಡ್ಬೇಕು, ಅದನ್ನೂ ಹಾಕಿ.”

“ಯಂತ್ರ ವಾಂತಿ ಮಾಡುತ್ತೇನೋ?”

“ಹಿಡ್ಕೊಂಡೋರು ಮಾಡ್ತಾರಲ್ಲ!”

ಅದೂ ಸೇರಿತು. ಹುಲಿಯಪ್ಪ ಗೆದ್ದಲಿಗೆಂದು ಒಂದು ಅಧ್ಯಾಯ ಕೇಳಿ ಪಡೆದ. ಊಟದ ಹೊತ್ತಿಗೆ ಮೂವತ್ತೇಳು ಅಧ್ಯಾಯಗಳಾದವು, ಅವುಗಳಲ್ಲಿ ಕಂಪ್ಯೂಟರಿನದು ಒಂದೂ ಇರಲಿಲ್ಲ.

ಮುಕುಂದಯ್ಯ ದೇವರ ಮೇಲೆ ಭಾರ ಹಾಕಿ ಬರೆದ: ‘ಗುಂಡಿ ಒತ್ತಿ. ಏನೂ ಆಗದಿದ್ದರೆ ಇನ್ನೊಂದು ಒತ್ತಿ. ಏನಾದರೂ ಆಗಿಬಿಟ್ಟರೆ ಮೇಲಧಿಕಾರಿಗೆ ವರದಿ ಮಾಡಿ.’ ಹೀಗೆಯೇ ನಲವತ್ತು ಪುಟ.

ಐದು ಗಂಟೆಗೆ ಧರ್ಮಪ್ಪನವರು ಓದಿ ಮುಗಿಸಿದರು. “ಭಲೇ! ನನಗೇ ಅರ್ಥ ಆಯ್ತಲ್ರೀ!” ಎಂದು ರಜೆ ಅರ್ಜಿಯ ಮೇಲೆ ಪೆನ್ನು ಇಟ್ಟರು. ಇಟ್ಟವರು ಎತ್ತಿದರು. “ಇರಿ, ಕೈಪಿಡಿ ಬಂತಲ್ಲ, ಪೆಟ್ಟಿಗೆ ಬಿಚ್ಚೇ ಬಿಡೋಣ.”

ಹುಲಿಯಪ್ಪ ಹಲಗೆ ಕಿತ್ತ. ಹುಲ್ಲು, ಕಾಗದ, ಮತ್ತೆ ಹುಲ್ಲು. ತಳದಲ್ಲಿ ಒಂದೇ ಒಂದು ಪುಸ್ತಕ: ಅಚ್ಚುಕಟ್ಟಾಗಿ ಕನ್ನಡದಲ್ಲಿ ಮುದ್ರಿಸಿದ ಕೈಪಿಡಿ. ಜೊತೆಗೊಂದು ಚೀಟಿ: ‘ಯಂತ್ರವನ್ನು ಮುಂದಿನ ವರ್ಷ ಕಳುಹಿಸಲಾಗುವುದು.’

ಮುಕುಂದಯ್ಯನಿಗೆ ಕುಣಿಯುವಷ್ಟು ಖುಷಿಯಾಯಿತು. “ಹಾಗಾದ್ರೆ ನಂದು ಬೇಡವೇ ಬೇಡ ಸಾರ್! ಸಹಿ ಹಾಕಿ!”

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. “ಬೇಡ ಅನ್ನೋಕಾಗುತ್ತೇನ್ರೀ? ಈಗ ಆಫೀಸಲ್ಲಿ ಎರಡು ಕೈಪಿಡಿ ಆಯ್ತು. ಯಾವ್ದನ್ನ ಮೊದ್ಲು ಓದ್ಬೇಕು ಅಂತ ಜನಕ್ಕೆ ಗೊತ್ತಾಗ್ಬೇಡ್ವಾ? ಅದಕ್ಕೊಂದು ಕೈಪಿಡಿ ಬರೀರಿ. ಬೆಳಿಗ್ಗೆ ಹತ್ತಕ್ಕೆ ಕೊಡಿ.”

ಹೊರಗೆ ಐದೂವರೆಯ ಬಸ್ಸು ಹಾರ್ನ್ ಹೊಡೆದು ಹೊರಟಿತು.

“ಪಿಂಕಿ ಅಂದ್ರೂ ಚಂದವೇ ಬಿಡಿ” ಎಂದು ವರದಮ್ಮ ಸಮಾಧಾನ ಹೇಳಿದಳು.

ಮುಕುಂದಯ್ಯ ಹೊಸ ಹಾಳೆ ತೆಗೆದು ‘ಅಧ್ಯಾಯ ಒಂದು’ ಎಂದು ಬರೆದ. ಈ ಸಲ ಬೇಕೆಂದೇ ಕಾಗೆಕಾಲು ಗುಬ್ಬಿಕಾಲು ಮಾಡಿ ಬರೆದ.