ಪಟ್ಟರಿನ ಮುಖ ತಿಕ್ಕಿಸಿದ ಶನಿವಾರ

ಚಳಿ ಕಾಲು ಕೀಳುತ್ತಿತ್ತು, ಸೆಕೆ ಇನ್ನೂ ಒಳಗೆ ಬಂದಿರಲಿಲ್ಲ. ಅಂಥ ದಿನಗಳಲ್ಲೊಂದು ಶನಿವಾರ ಬೆಳಿಗ್ಗೆ, ಆಫೀಸಿನ ಕಸ ಗುಡಿಸಿ ಮುಗಿದು ಮೇಲಿನವರು ಒಬ್ಬೊಬ್ಬರಾಗಿ ಬಂದು ಕುರ್ಚಿ ಎಳೆಯುವ ಹೊತ್ತಿಗೆ ಇದು ಶುರುವಾಯಿತು. ಮೇಲೆ ಕುರ್ಚಿ ಎಳೆದದ್ದು ಕೆಳಗೆ ಗೋದಾಮಣ್ಣನಿಗೆ ಕೇಳಿಸುತ್ತಿತ್ತು. ಅದು ಯಾರ ಕುರ್ಚಿ ಎಂದು ಸದ್ದಿನಲ್ಲೇ ಹೇಳುವಷ್ಟು ಕಾಲ ಅವನು ಆ ನೆಲಮಾಳಿಗೆಯಲ್ಲಿ ಕೂತು ಸವೆದಿದ್ದ.

ಪಂಪು ಮಾಡುವ ಕಂಪನಿ ಅದು. ಪಂಪಿಗೆ ಬೇಕಾದ ವಾಷರು, ಪೈಪು, ನಟ್ಟು ಬೋಲ್ಟು ಎಲ್ಲ ಕೆಳಗೆ. ಅವುಗಳ ಜೊತೆಗೆ ಗೋದಾಮಣ್ಣನೂ ಕೆಳಗೆ. ಗೋಡೆ ಬೆವರುತ್ತಿತ್ತು. ಹಗಲಿಗೂ ಬಲ್ಬು ಉರಿಯುತ್ತಿತ್ತು. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಮೆಟ್ಟಿಲಿಳಿದು ಬಂದವರ ಚಪ್ಪಲಿ ನೋಡಿ ತಿಳಿಯಬೇಕಾಗಿತ್ತು. ಅವನ ಮೊಣಕಾಲುಗಳು ಶೀತಕ್ಕೆ ಹಿಡಿದುಕೊಂಡು, ಎದ್ದರೆ ಹಳೇ ಕದದ ಹಾಗೆ ಕಿರುಗುಟ್ಟುತ್ತಿದ್ದವು. ಅವನಿಗೆ ಉಳಿದಿದ್ದ ಆಸೆ ಒಂದೇ, ಮೇಲಿನ ಟಪಾಲು ಮೇಜು. ಅಲ್ಲಿ ಕಿಟಕಿ ಪಕ್ಕಕ್ಕೊಂದು ಕುರ್ಚಿ ಇತ್ತು. ಅದರಲ್ಲಿ ಕೂರುತ್ತಿದ್ದ ಟಪಾಲಕ್ಕ ಬರುವ ಶುಕ್ರವಾರ ನಿವೃತ್ತಿಯಾಗುವವಳಿದ್ದಳು. ಆ ಕುರ್ಚಿಗೆ ಗೋದಾಮಣ್ಣನನ್ನೇ ಹಾಕುವುದಾಗಿ ಮ್ಯಾನೇಜರು ಬಾಯಿಮಾತಿನಲ್ಲಿ ಹೇಳಿದ್ದರು. ಆ ಮಾತು ಕಾಗದಕ್ಕೆ ಇಳಿಯಬೇಕಾದ್ದು ಸೋಮವಾರ.

ಆ ಮ್ಯಾನೇಜರೇ ಅವತ್ತು ಮೆಟ್ಟಿಲಿಳಿದು ಬಂದರು. ಕೈಯಲ್ಲೊಂದು ಉದ್ದನೆಯ ಕೋಲು. ಅದರ ತುದಿಗೆ ಕಾಲುಚೀಲ ತೊಡಿಸಿತ್ತು.

"ಇದು ಪಟ್ಟರು ಕಣ್ರೀ," ಅಂದರು. "ಗಾಲ್ಫ್ ಆಟದಲ್ಲಿ ಕೊನೆಗೆ ಚೆಂಡನ್ನ ಮೆಲ್ಲಗೆ ಗುಳಿಗೆ ತಳ್ಳೋ ಕೋಲು. ನಾಳೆ ಬೆಳಿಗ್ಗೆ ದೊಡ್ಡವರ ಜೊತೆ ಆಟ ಇದೆ."

ದೊಡ್ಡವರು ಅಂದರೆ ಕಂಪನಿಯ ಯಜಮಾನರು.

ಕಾಲುಚೀಲ ಕಳಚಿದರೆ ಒಳಗೆ ಸೋಪಿನ ಬಿಲ್ಲೆಯಷ್ಟು ಉಕ್ಕಿನ ತಲೆ. ಚೆಂಡು ತಗಲುವ ಮುಖದ ತುಂಬ ಕೂದಲೆಳೆಯಂಥ ಗೆರೆಗಳು. ಮೂಲೆಯಲ್ಲೊಂದು ಜಜ್ಜು, ಅದರ ಸುತ್ತ ತುಕ್ಕು.

"ಕಾರಿನ ಡಿಕ್ಕಿಯಲ್ಲಿ ಜಾಕಿಗೆ ತಗಲಿ ಹೀಗಾಗಿದೆ. ನಿಮ್ಮದು ಪಾಲಿಷಿನವರ ಬೀದಿ ಅಲ್ವೆ? ಈ ಜಜ್ಜು, ಈ ತುಕ್ಕು, ಇಷ್ಟು ತೆಗೆಸಿ. ಗೆರೆ ಮಾತ್ರ ಮುಟ್ಟಬಾರ್ದು. ಚೆಂಡನ್ನ ಹಿಡಿದು ಕಳಿಸೋದೇ ಆ ಗೆರೆ."

"ಆಗ್ಲಿ ಸಾರ್."

"ಸಾಯಂಕಾಲ ನಾನೇ ಬಂದು ತಗೊಂಡು ಹೋಗ್ತೀನಿ. ಸೋಮವಾರ ನಿಮ್ಮ ವಿಷಯ ನೋಡೋಣ."

ಶನಿವಾರ ಅರ್ಧ ದಿನದ ಆಫೀಸು. ಗೋದಾಮಣ್ಣ ಕೋಲು ಹಿಡಿದು ಬಸ್ಸು ಹತ್ತಿದ. ಅವನಿಗಿಂತ ವಯಸ್ಸಾದವರೊಬ್ಬರು ಅದನ್ನು ಊರುಗೋಲು ಎಂದುಕೊಂಡು ಎದ್ದು ಜಾಗ ಬಿಟ್ಟುಕೊಟ್ಟರು. ಬೇಡ ಎನ್ನಬೇಕಾಗಿತ್ತು. ಮೊಣಕಾಲು ಎನ್ನಗೊಡಲಿಲ್ಲ. ಕೂತ.

ಅವನಿದ್ದದ್ದು ಹೆಂಡತಿಯ ತವರಿನಲ್ಲಿ, ಮಾವನ ಮನೆಯಲ್ಲಿ. ಆ ಬೀದಿಯಲ್ಲಿ ಮಂಕಾದದ್ದು ಯಾವುದೂ ಉಳಿಯುತ್ತಿರಲಿಲ್ಲ. ಬಾಗಿಲ ಚಿಲಕ ಹೊಳೆಯುತ್ತಿತ್ತು, ನಲ್ಲಿ ಹೊಳೆಯುತ್ತಿತ್ತು, ಮೋರಿಯ ಮುಚ್ಚಳವೂ ಹೊಳೆಯುತ್ತಿತ್ತು. ಲೋಹದ ಮೇಲೆ ಒಂದು ಗೆರೆ ಕಂಡರೆ ಅಲ್ಲಿನವರಿಗೆ ಊಟದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ಮಾವ ಮುಂದಿನ ಕೋಣೆಯಲ್ಲಿ ಪಾಲಿಷ್ ಚಕ್ರದ ಮುಂದೆ ಕೂತಿದ್ದರು, ಹುಬ್ಬಿನ ತನಕ ಕಪ್ಪು ಧೂಳು.

"ಮಾವ, ಇಲ್ಲಿ ನೋಡಿ. ಈ ಜಜ್ಜು, ಈ ತುಕ್ಕು. ಅಷ್ಟೇ. ಗೆರೆ ಮುಟ್ಟಬೇಡಿ."

"ಕೇಳಿಸ್ತು ಅಳಿಯಂದ್ರೆ. ಹೋಗಿ ಊಟ ಮಾಡಿ, ಮುಖ ಬಾಡಿದೆ."

ಗೋದಾಮಣ್ಣ ಒಳಗೆ ಹೋಗಿ ಕೂತ. ಚಕ್ರ ತಿರುಗುವ ಸದ್ದು ಕೇಳುತ್ತಿತ್ತು. ಒಂದು ಜಜ್ಜಿಗೆ ಇಷ್ಟು ಹೊತ್ತು ಬೇಡ ಎಂದು ಅವನಿಗೆ ಅನ್ನಿಸುವಷ್ಟರಲ್ಲಿ ಸದ್ದು ನಿಂತಿತು. ನಿಂತ ರೀತಿಯೂ ಸರಿಯೆನಿಸಲಿಲ್ಲ; ಕೆಲಸ ಪೂರ್ತಿ ಮುಗಿದಾಗ ನಿಲ್ಲುವ ಹಾಗೆ ನಿಂತಿತು. ಎಂಜಲುಗೈಯಲ್ಲೇ ಎದ್ದು ಬಂದ.

ಪಟ್ಟರಿನ ಮುಖ ಕನ್ನಡಿಯಾಗಿತ್ತು. ಅದರಲ್ಲಿ ಅವನ ಮುಖ ಕಂಡಿತು, ಮೀಸೆಗೆ ಅಂಟಿದ ಅಗುಳಿನ ಸಮೇತ.

"ಮಾವ, ಗೆರೆ."

"ಹೋಯ್ತು," ಅಂದರು ಮಾವ, ಹಟಮಾರಿ ಹಲ್ಲು ಕಿತ್ತ ವೈದ್ಯರ ಹಾಗೆ.

"ಮುಟ್ಟಬೇಡಿ ಅಂದಿದ್ದೆ."

ಮಾವನಿಗೆ ಆಗ ನೆನಪಾಯಿತು. ಕೈಯನ್ನು ಮಗುಚಿ ನೋಡಿಕೊಂಡರು. "ನೀವು ಹೇಳಿದ್ದು ಕಿವಿಗೆ ಕೇಳಿಸ್ತು ಅಳಿಯಂದ್ರೆ. ಕೈಗೆ ಕೇಳಿಸ್ಲಿಲ್ಲ. ಜೀವಮಾನವೆಲ್ಲ ಗೆರೆ ತೆಗೆದ ಕೈ ಇದು, ಬಿಡು ಅಂದ್ರೆ ಬಿಡುತ್ಯೆ?"

ಹೆಂಡತಿ ಒಳಗಿನಿಂದ ಬಂದು ನೋಡಿದಳು. "ಎಷ್ಟು ಚೆನ್ನಾಗಿದೆ ರೀ. ಹೊಸದರ ಹಾಗೆ."

"ಹೊಸದರ ಹಾಗೆ ಬೇಡ ಕಣೆ. ಹಳೇದರ ಹಾಗೆ ಬೇಕು."

ಅವನು ಅದನ್ನು ಮೆಲ್ಲಗೇ ಹೇಳಿದ. ಆದರೆ ಆ ಬೀದಿಯಲ್ಲಿ ಮೆಲ್ಲಗೆ ಹೇಳಿದ್ದೇ ಬೇಗ ಹರಡುತ್ತಿತ್ತು. ಪಕ್ಕದ ಮನೆಯಿಂದ ಲೇತ್ ಮೇಷ್ಟ್ರು ಬಂದರು. ಅವರು ಪಾಠ ಹೇಳಿದವರಲ್ಲ, ಲೋಹವನ್ನು ತಿರುಗಿಸಿ ಕೊರೆಯುವ ಲೇತ್ ಮಿಷನ್ನು ನಡೆಸುವವರು. ಮಾತೆಲ್ಲ ಪಾಠದ ಹಾಗಿದ್ದದ್ದರಿಂದ ಆ ಹೆಸರು.

"ಮೊದಲನೇದಾಗಿ ಗಾಬರಿ ಆಗಬಾರ್ದು," ಅಂದರು. "ಗೆರೆ ಹೋಯ್ತು ಅಂದ್ರೆ ಗೆರೆ ಹಾಕಿದ್ರೆ ಆಯ್ತು. ತಲೆ ಬಿಚ್ಚಿ ಕೊಡಿ."

"ತಲೆ ಬಿಚ್ಚೋದು ಬೇಡ ಮೇಷ್ಟ್ರೆ."

"ತಲೆ ಬಿಚ್ಚದೆ ಮಿಷನ್ನಿಗೆ ಹೇಗ್ರೀ ಕೂರಿಸ್ಲಿ? ಕೋಲಿನ ಸಮೇತ ತಿರುಗಿದ್ರೆ ಬೀದಿಯಲ್ಲಿ ಒಬ್ಬರಿಗೂ ಹಲ್ಲಿರಲ್ಲ."

ಪಟ್ಟರಿನ ಕುತ್ತಿಗೆಗೆ ಬೆಂಕಿ ತೋರಿಸಿ, ಒಳಗಿನ ಅಂಟು ಕರಗಿಸಿ, ತಲೆಯನ್ನು ಕೋಲಿನಿಂದ ಎಳೆದರು. ತಲೆ ಮೇಷ್ಟ್ರ ಮನೆಗೆ ಹೋಯಿತು. ಕೋಲು ಗೋದಾಮಣ್ಣನ ಕೈಯಲ್ಲಿ ಉಳಿಯಿತು. ತಲೆ ವಾಪಸು ಬಂದಾಗ ಗೆರೆ ಇತ್ತು, ಇಲ್ಲವೆನ್ನುವ ಹಾಗಿಲ್ಲ. ಹೇನು ಬಾಚುವ ಹಣಿಗೆಯ ಹಲ್ಲಿನ ನಡುವೆ ಇರುವಷ್ಟು ಆಳದ ಗೆರೆ.

"ಮನುಷ್ಯ ಸತ್ತರೂ ಈ ಗೆರೆ ಸವೆಯಲ್ಲ," ಅಂದರು ಮೇಷ್ಟ್ರು.

ಗೆರೆ ಕಂಡದ್ದೇ ಮಾವನ ಕೈ ತಾನಾಗಿ ಚಕ್ರದ ಕಡೆ ಹೋಯಿತು. ಹೆಂಡತಿ ನಡುವೆ ನಿಂತಳು. "ಅಪ್ಪ, ಕೈ ಕಟ್ಟಿಕೊಂಡು ಕೂತ್ಕೊ." ಮಾವ ಕೂತರು. ಆದರೆ ಇಷ್ಟು ಆಳ ಆಗುವುದಿಲ್ಲವೆಂದು ಗೋದಾಮಣ್ಣನೇ ಹೇಳಬೇಕಾಯಿತು. ಮಾವ ಖುಷಿಯಿಂದ ಎದ್ದು ಮತ್ತೆ ಒಂದು ಪದರ ತೆಗೆದರು. ತಲೆ ಈಗ ಸೋಪಿನ ಬಿಲ್ಲೆಯಷ್ಟಿರಲಿಲ್ಲ, ಸ್ನಾನಕ್ಕೆ ಬಳಸಿದ ಬಿಲ್ಲೆಯಷ್ಟಿತ್ತು.

ಅಷ್ಟರಲ್ಲಿ ಎದುರು ಮನೆಯ ಕೆತ್ತನೆಯವನು ಬಂದ. ಆಟಗಳಲ್ಲಿ ಗೆದ್ದವರಿಗೆ ಕೊಡುವ ಶೀಲ್ಡು, ಕಪ್ಪುಗಳ ಮೇಲೆ ಅಕ್ಷರ ಕೆತ್ತುವುದು ಅವನ ಕಸುಬು. "ಈ ಕೆಲಸ ಮೊದಲೇ ನನ್ನ ಹತ್ರ ತರ್ಬೇಕಿತ್ತು ಅಣ್ಣ," ಅಂದ. "ಕೂದಲೆಳೆ ಬೇಕಾ, ಕೂದಲೆಳೆ ಕೊಡ್ತೀನಿ."

ಕೊಟ್ಟ ಕೂಡ. ಮೊದಲಿದ್ದ ಗೆರೆಗಳೇ ಹುಟ್ಟಿ ಬಂದ ಹಾಗಿದ್ದವು. ಗೋದಾಮಣ್ಣ ಅಂದಿನ ಮೊದಲನೇ ನೆಮ್ಮದಿಯ ಉಸಿರು ಬಿಟ್ಟು, ನೀರು ಕುಡಿಯಲು ಒಳಗೆ ಹೋದ. ಬರುವಷ್ಟರಲ್ಲಿ ಗೆರೆಗಳ ಎರಡೂ ಬದಿಗೆ ಎಲೆಗಳ ಬಳ್ಳಿ ಹಬ್ಬಿತ್ತು. ನಡುವೆ ಉಳಿ "ಪ್ರ" ಎಂದು ಬರೆದಾಗಿತ್ತು.

"ಇದೇನಪ್ಪ?"

ಕೆತ್ತನೆಯವನು ಉಳಿ ಎತ್ತಿ, ನಿದ್ದೆಯಿಂದ ಎದ್ದವನ ಹಾಗೆ ನೋಡಿದ. "ಪ್ರಥಮ ಬಹುಮಾನ ಅಂತ ಬರೀತಿದ್ದೆ ಅಣ್ಣ. ಬಳ್ಳಿ ಆದ ಮೇಲೆ ನನ್ನ ಕೈ ಅದನ್ನೇ ಬರೆಯೋದು."

"ಈ ಬೀದಿಯಲ್ಲಿ ಯಾರಾದ್ರೂ ಕೈಗೆ ಯಜಮಾನರು ಇದ್ದೀರಾ?" ಎಂದು ಗೋದಾಮಣ್ಣ ಕೇಳಿದ. "ಪ್ರ"ವನ್ನು ಅಳಿಸುವ ಹಾಗಿರಲಿಲ್ಲ, ತಲೆಯಲ್ಲಿ ಇನ್ನು ತೆಗೆಯಲು ಲೋಹ ಉಳಿದಿರಲಿಲ್ಲ. ಕೆತ್ತನೆಯವನು ಯೋಚಿಸಿ, ಅಲ್ಲೊಂದು ಕೊಕ್ಕು, ಇಲ್ಲೊಂದು ರೆಕ್ಕೆ ಎಳೆದು ಅದನ್ನು ಹಕ್ಕಿ ಮಾಡಿದ.

ಇನ್ನು ಬಣ್ಣ. ಹಳೇ ತಲೆ ಮಂಕು ಕಪ್ಪಗಿತ್ತು, ಇದು ಸ್ಟೀಲ್ ಲೋಟದ ಹಾಗೆ ಮಿಂಚುತ್ತಿತ್ತು. ಚೆನ್ನಾಗಿ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಕಪ್ಪಾಗುತ್ತದೆಂದು ಮೇಷ್ಟ್ರು ಪಾಠ ಹೇಳಿದರು. ಹೆಂಡತಿಯ ಅಡುಗೆ ಒಲೆ, ಹೆಂಡತಿಯ ಬಾಣಲೆ, ಹೆಂಡತಿಯ ಎಣ್ಣೆ. ಕೆಂಪಗೆ ಕಾದ ತಲೆ ಎಣ್ಣೆಗೆ ಇಳಿದದ್ದೇ ಮನೆ ಹೊಗೆಯಲ್ಲಿ ಮುಳುಗಿತು. ಬೆಂಕಿ ಬಿತ್ತೆಂದು ತಿಳಿದು ಹಿಂದಿನ ಮನೆಯವರು ಕಿಟಕಿಯಿಂದ ಒಂದು ಬಕೆಟ್ ನೀರು ಎರಚಿದರು. ನೀರು ಒಲೆಗೆ ಬೀಳಲಿಲ್ಲ. ಗೋದಾಮಣ್ಣನ ಮೇಲೆ ಬಿತ್ತು.

"ತಲೆ ಕಪ್ಪಾಯ್ತು ನೋಡಿ," ಅಂದರು ಮೇಷ್ಟ್ರು.

"ಗೋಡೇನೂ ಆಯ್ತು," ಅಂದಳು ಹೆಂಡತಿ.

ಒದ್ದೆ ಅಂಗಿಯಲ್ಲೇ ಗೋದಾಮಣ್ಣ ಕೋಲು ಹಿಡಿದು ನಿಂತ. ಮೇಷ್ಟ್ರು ಅಂಟು ಹಾಕಿ ತಲೆ ಸಿಕ್ಕಿಸಿದರು. ನೇರ ಇದೆ ಎಂದರು. ಎಡಕ್ಕೆ ವಾಲಿದೆ ಎಂದ ಕೆತ್ತನೆಯವನು. ಬಲಕ್ಕೆ ಎಂದರು ಮಾವ. ನೀರು ಎರಚಿದವರೂ ಬಂದು, ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ಒಂದು ಕೂದಲಷ್ಟು ಈಚೆಗೆ ಎಂದರು. ಆ ಕಡೆ ತಿರುಗಿಸು, ಈ ಕಡೆ ತಿರುಗಿಸು ಎನ್ನುವಷ್ಟರಲ್ಲಿ, ವಾದ ಎಲ್ಲಿತ್ತೋ ಅಲ್ಲೇ ಅಂಟು ಗಟ್ಟಿಯಾಯಿತು. ಹೊರಗೆ ಮ್ಯಾನೇಜರ ಕಾರಿನ ಹಾರನ್ನು ಕೇಳಿಸಿತು.

ಮ್ಯಾನೇಜರು ಕೋಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಇದೇನ್ರೀ?"

"ಹಕ್ಕಿ, ಸಾರ್."

"ಯಾಕೆ?"

ಗೋದಾಮಣ್ಣ ಒದ್ದೆ ಅಂಗಿಯ ತುದಿ ಹಿಂಡಿದ. ಹಿಂದಿನಿಂದ ಕೆತ್ತನೆಯವನು, "ಚೆಂಡು ಹಗುರಾಗಿ ಹಾರಲಿ ಅಂತ ಸಾರ್," ಅಂದ.

"ಇದು ಹಾರಿಸೋ ಕೋಲಲ್ಲ," ಅಂದರು ಮ್ಯಾನೇಜರು, ದನಿಯಲ್ಲಿ ಜೀವವಿಲ್ಲದೆ. "ನನ್ನ ಹತ್ರ ಬೇರೆ ಇಲ್ಲ." ಕಾಯಿಲೆಯ ಮಗುವನ್ನು ಮಲಗಿಸುವ ಹಾಗೆ ಅದನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ ಹೊರಟುಹೋದರು. ಸೋಮವಾರದ ಮಾತು ಎತ್ತಲಿಲ್ಲ.

ಭಾನುವಾರವೆಲ್ಲ ಗೋದಾಮಣ್ಣ ಅಡುಗೆಮನೆಯ ಗೋಡೆ ತೊಳೆದ. "ಆಟದಲ್ಲಿ ಗೆದ್ದುಬಿಟ್ರೆ ಎಲ್ಲಾ ಮರೀತಾರೆ ಬಿಡಿ," ಎಂದಳು ಹೆಂಡತಿ, ಬಕೆಟ್ ತುಂಬಿಸುತ್ತ. ಅವನಿಗೂ ಅದೊಂದೇ ದಾರಿ ಕಂಡಿತು. ಹೇಗಾದರೂ ಅವರು ಗೆಲ್ಲಲಿ, ಅದೊಂದು ಆಗಲಿ ಎಂದು ಗೋಡೆ ತಿಕ್ಕಿದಷ್ಟು ಹೊತ್ತೂ ಹಾರೈಸಿದ. ಅಷ್ಟು ಮನಸ್ಸಿಟ್ಟು ಅವನು ತನಗೋಸ್ಕರವೂ ಏನನ್ನೂ ಬೇಡಿದವನಲ್ಲ.

ಸೋಮವಾರ ಬೆಳಿಗ್ಗೆ ಮ್ಯಾನೇಜರು ಕೆಳಗೆ ಬಂದರು. ಕಾಗದವೇನೂ ಕೈಯಲ್ಲಿರಲಿಲ್ಲ. ವಾಷರಿನ ಪೆಟ್ಟಿಗೆಯ ಮೇಲೆ ಕೂತರು.

"ಗೆದ್ದೆ ಕಣ್ರೀ."

ಗೋದಾಮಣ್ಣನ ಮೊಣಕಾಲುಗಳು ಸದ್ದಿಲ್ಲದೆ ನೆಟ್ಟಗಾದವು. "ಒಳ್ಳೇದಾಯ್ತಲ್ಲ ಸಾರ್."

ಮ್ಯಾನೇಜರು ತಲೆ ಎತ್ತಿ, ಬೆವರುತ್ತಿದ್ದ ಗೋಡೆಯನ್ನು ನೋಡಿದರು. "ದೊಡ್ಡವರ ಜೊತೆ ಆಡೋಕೆ ಶುರು ಮಾಡಿದಾಗಿನಿಂದ ನಾನು ಒಂದು ಸಲನೂ ಗೆದ್ದಿಲ್ಲ. ಗೆಲ್ಲಬಾರ್ದು. ನಾನು ಆ ರೂಮಿನಲ್ಲಿ ಕೂತಿರೋದೇ ಹಾಗೆ. ಗುಳಿಯಿಂದ ಒಂದು ಗೇಣು ಎಡಕ್ಕೆ ನೋಡಿ ತಳ್ತಿದ್ದೆ. ಚೆಂಡು ಹೋಗಿ ಪಕ್ಕದಲ್ಲಿ ಮರ್ಯಾದೆಯಾಗಿ ನಿಲ್ಲೋದು. ಸ್ವಲ್ಪದರಲ್ಲಿ ತಪ್ಪಿತಲ್ಲ ಅಂತ ದೊಡ್ಡವರು ಬೆನ್ನು ತಟ್ಟೋರು. ಅಷ್ಟು ಚೆನ್ನಾಗಿ ಸೋಲೋಕೆ ಎಷ್ಟು ಅಭ್ಯಾಸ ಬೇಕು ಗೊತ್ತೇನ್ರೀ?"

"ಇಲ್ಲ ಸಾರ್."

"ನಿನ್ನೇನೂ ಎಡಕ್ಕೇ ತಳ್ಳಿದೆ. ಬಲಕ್ಕೆ ಬಾಗಿ ನೆಟ್ಟಗೆ ಒಳಗೆ ಬಿತ್ತು. ಏನೋ ಆಯ್ತು ಅಂತ ಮತ್ತೆ ಹಾಗೇ ತಳ್ಳಿದೆ. ಮತ್ತೂ ಬಿತ್ತು. ಹೆದರಿ, ಕೊನೇ ಗುಳಿಗೆ ಸಿಕ್ಕಾಪಟ್ಟೆ ಅಡ್ಡ ಹೊಡೆದೆ. ಹೋಗಿ ದೊಡ್ಡವರ ಚೆಂಡಿಗೆ ಬಡೀತು. ನಂದು ಒಳಗೆ ಹೋಯ್ತು. ಅವರದು ಇಳಿಜಾರಿನಲ್ಲಿ ಉರುಳಿ ಹೋಯ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಅವರೊಬ್ಬರು ಬಿಟ್ಟು."

"ಏನಾದ್ರೂ ಅಂದ್ರಾ ಸಾರ್?"

"ನಿಮ್ಮ ಕೈ ಇಷ್ಟು ಕರಾರುವಾಕ್ಕು ಅಂತ ನನಗೆ ಗೊತ್ತೇ ಇರ್ಲಿಲ್ಲ ಅಂದ್ರು. ಇಂಥ ಕೈ ಟಪಾಲಿನಲ್ಲಿ ಇರ್ಬೇಕು ಅಂದ್ರು."

ಗೋದಾಮಣ್ಣ ಕೈಯಲ್ಲಿದ್ದ ನಟ್ಟನ್ನು ಕೆಳಗಿಟ್ಟ. "ಟಪಾಲು ಅಂದ್ರೆ..."

"ಕಿಟಕಿ ಪಕ್ಕದ ಕುರ್ಚಿ," ಅಂದರು ಮ್ಯಾನೇಜರು. "ಶನಿವಾರದಿಂದ ನಾನು ಅಲ್ಲಿ."

ಮೇಲೆ ಟಪಾಲಕ್ಕ ಕುರ್ಚಿ ಎಳೆದಳು. ಆಮೇಲೆ ಮ್ಯಾನೇಜರು ಹೇಳಲು ಮರೆತಿದ್ದನ್ನು ಹೇಳಿದರು: ಕೋಲು ಯಾರು ಮಾಡಿದ್ದೆಂದು ದೊಡ್ಡವರು ಕೇಳಿದರಂತೆ, ತಮ್ಮದನ್ನೂ ಕಳಿಸುತ್ತಾರಂತೆ. ಉಜ್ಜುವ ಕೆಲಸಕ್ಕೆ ನೆಲಮಾಳಿಗೆಯೇ ಸರಿ, ಧೂಳು ಯಾರ ಕಣ್ಣಿಗೂ ಬೀಳುವುದಿಲ್ಲ, ಆ ಮನುಷ್ಯನನ್ನು ಅಲ್ಲಿಂದ ಕದಲಿಸಬೇಡಿ ಎಂದರಂತೆ.

ಬುಧವಾರ ದೊಡ್ಡವರ ಪಟ್ಟರು ಬಂತು, ಹಕ್ಕಿ ಸ್ವಲ್ಪ ದೊಡ್ಡದಿರಲಿ ಎಂಬ ಮಾತಿನ ಸಮೇತ. ಗುರುವಾರ ಅವರ ಜೊತೆ ಆಡುವವರದೆಲ್ಲ ಬಂದವು. ಪೈಪುಗಳನ್ನು ಸರಿಸಿ ಜಾಗ ಮಾಡಬೇಕಾಯಿತು. ಮೇಲಿನ ರೂಮಿಗೆ ಹೊಸ ಮ್ಯಾನೇಜರು ಬರುತ್ತಾರೆಂದು ಸುದ್ದಿ ಹಬ್ಬಿತು, ಸೋಲುವುದರಲ್ಲಿ ಎತ್ತಿದ ಕೈಯಂತೆ.

ಟಪಾಲಕ್ಕ ಹೋದದ್ದು ಶುಕ್ರವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ಎಲ್ಲರಿಗೂ ಹೇಳಿ ಕೊನೆಗೆ ಮೆಟ್ಟಿಲಿಳಿದು ಬಂದಳು. ಅವಳ ಚಪ್ಪಲಿ ಒಣಗಿತ್ತು, ಹೊರಗೆ ಬಿಸಿಲಿರಬೇಕು. ತಲೆ ಬಿಚ್ಚಿದ ಕೋಲುಗಳ ನಡುವೆ ಕೂತಿದ್ದ ಗೋದಾಮಣ್ಣನನ್ನು ನೋಡಿ, ಕೊನೇ ಮೆಟ್ಟಿಲಲ್ಲೇ ನಿಂತಳು.

"ಕಿಟಕಿ ಕದ ಸ್ವಲ್ಪ ಬಿಗಿ," ಅಂದಳು. "ಒಂಚೂರು ಎತ್ತಿ ತಳ್ಳಿದ್ರೆ ತೆಗೆಯುತ್ತೆ. ಅಲ್ಲಿ ಕೂರೋರಿಗೆ ಹೇಳ್ಬಿಡಣ್ಣ."

"ಹೇಳ್ತೀನಕ್ಕ," ಅಂದ ಗೋದಾಮಣ್ಣ. ಅವಳು ಮೆಟ್ಟಿಲು ಹತ್ತಿ ಹೋದಳು.