ಹದಿನೈದನೆಯ ಗೀಟು

ಬಿದ್ದವರಿಗೆ ಸಿಗುವ ಮರ್ಯಾದೆ ಅವರು ಬಿದ್ದ ಎತ್ತರಕ್ಕೆ ತಕ್ಕಂತೆ ಇರುತ್ತದೆ. ತೆಂಗಿನ ಮರದಿಂದ ಬಿದ್ದವನ ಮನೆಗೆ ಜನ ಹಣ್ಣು ಹಿಡಿದುಕೊಂಡು ಬರುತ್ತಾರೆ. ಮಂಚದಿಂದ ಬಿದ್ದವನನ್ನು ಮಾತ್ರ, ನೆಟ್ಟಗೆ ಮಲಗೋಕೂ ಬರಲ್ವೇನೋ ಎಂದು ಕೇಳುತ್ತಾರೆ. ತಲೆಗೆ ಈ ಭೇದ ಗೊತ್ತಿಲ್ಲ. ಎಲ್ಲಿಂದ ಬಂದು ಕಲ್ಲಿಗೆ ಬಡಿದರೂ ಅದು ತನಗೆ ತಿಳಿದಂತೆ ನೋಯುತ್ತದೆ. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಆದರೆ ಆ ಅನುಭವದ ಮುಖ್ಯ ಭಾಗವೇ ನನಗೆ ನೆನಪಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ನೆನಪಿಲ್ಲ ಎಂದು ಹೇಳಲು ನನಗೆ ಎಷ್ಟು ನಾಚಿಕೆ ಎಂಬುದು ನನ್ನನ್ನು ಬಲ್ಲವರಿಗೆ ಗೊತ್ತು. ನಾನು ಆಂಧ್ರದ ಗಡಿಯ ಹಿಂದೂಪುರದಲ್ಲಿ ಲಾರಿಗಳ ತೂಕ ನೋಡುವ ಕಾಟಾದಲ್ಲಿ ಗುಮಾಸ್ತ. ತುಂಬಿದ ಲಾರಿ, ಖಾಲಿ ಲಾರಿ, ಎರಡನ್ನೂ ಬರೆದು ಕಳೆಯುವುದು ನನ್ನ ಕೆಲಸ. ಕೆಲಸ ಮುಗಿದ ಮೇಲೂ ಆ ಚಾಳಿ ಬಿಡುವುದಿಲ್ಲ. ಏಳು ವರ್ಷಗಳಿಂದ ಒಂದು ದಿನವೂ ತಪ್ಪದೆ ದಿನಚರಿ ಬರೆದಿದ್ದೇನೆ. ವಾರಕ್ಕೊಮ್ಮೆ ಊರಾದ ಕಲ್ಯಾಣದುರ್ಗಕ್ಕೆ ಬರುವಾಗ ಬಸ್ಸು ಎಷ್ಟು ಕಡೆ ನಿಂತಿತು ಎಂದು ಜೇಬಿನ ಸಣ್ಣ ಪುಸ್ತಕದಲ್ಲಿ ಗೀಟು ಹಾಕಿಕೊಳ್ಳುತ್ತೇನೆ. ನಿಲ್ಲಬೇಕಾದ ಕಡೆ ನಿಂತದ್ದು ಒಂದು ಕಾಲಂ, ಯಾರೋ ಕೈ ಅಡ್ಡ ಹಾಕಿದ್ದಕ್ಕೆ ನಿಂತದ್ದು ಇನ್ನೊಂದು. ಎರಡನೆಯದು ಯಾವತ್ತೂ ಮೊದಲನೆಯದನ್ನು ಮೀರಿಸುತ್ತದೆ. ನಮ್ಮ ಮನೆಯ ಮಹಡಿಗೆ ಹದಿನಾಲ್ಕು ಮೆಟ್ಟಿಲು ಎಂಬುದೂ ಮೊದಲ ವರ್ಷದ ಪುಸ್ತಕದಲ್ಲೇ ದಾಖಲಾಗಿದೆ. ನನ್ನ ತಂಗಿ ಶೈಲಾ ಮಾತ್ರ ಹದಿನೈದು ಎನ್ನುತ್ತಾಳೆ. ಅವಳು ಕಲ್ಯಾಣದುರ್ಗದ ಕಾಲೇಜಿನಲ್ಲಿ ಡಿಗ್ರಿ ಓದುತ್ತಾಳೆ. ಓದಿದವರ ಜೊತೆ ವಾದ ಮಾಡಬಾರದು ಎಂದು ನಾನು ಪುಸ್ತಕ ತೆರೆದು ತೋರಿಸಿ ಸುಮ್ಮನಾಗುತ್ತಿದ್ದೆ.

ಅದೊಂದು ಭಾನುವಾರ. ಮಹಡಿಯ ಮೇಲೆ ಒಣಹಾಕಿದ್ದ ಹುಣಸೆಹಣ್ಣು ನೋಡಿಕೊಂಡು ಬಾ ಎಂದು ಅಮ್ಮ ಹೇಳಿದ್ದು ನೆನಪಿದೆ. ಆಮೇಲೆ ನೆನಪಿರುವುದು ಆಸ್ಪತ್ರೆಯ ಫ್ಯಾನು. ನಡುವಿನ ಹೊತ್ತು ನನ್ನ ಹತ್ತಿರ ಇಲ್ಲ. ತಲೆಯ ಹಿಂಭಾಗದಲ್ಲಿ ನಾಲ್ಕು ಹೊಲಿಗೆ ಬಿದ್ದಿದ್ದವು. ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಒಳಗೆ ರಕ್ತ ಸೋರಿಲ್ಲ, ಆದರೆ ಮಿದುಳು ಚೆನ್ನಾಗಿ ಅಲುಗಾಡಿದೆ ಎಂದರು. ವಾಂತಿಯಾದರೆ, ತಲೆನೋವು ಹೆಚ್ಚಾದರೆ ಕೂಡಲೇ ಕರೆತರಬೇಕು. ಉಳಿದಂತೆ ಹತ್ತು ದಿನ ವಿಶ್ರಾಂತಿ. "ಫೋನ್ ಬೇಡ, ಟಿವಿ ಬೇಡ, ಓದೋದು ಬೇಡ, ಬರೆಯೋದೂ ಬೇಡ" ಎಂದರು. ಮೊದಲ ಮೂರಕ್ಕೆ ನಾನು ತಲೆಯಾಡಿಸಿದೆನಂತೆ. ನಾಲ್ಕನೆಯದಕ್ಕೆ ಮಂಚದಿಂದ ಎದ್ದು ಕುಳಿತೆನಂತೆ.

ಏಳು ವರ್ಷದ ಸರಪಳಿ ಕಡಿಯುವ ಹೊತ್ತು ಬಂದಿತ್ತು. ಶೈಲಾ ಮುಂದೆ ಬಂದಳು. "ನೀನು ಹೇಳಣ್ಣ, ನಾನು ಬರ್ಕಂತೀನಿ. ನೀನು ಓದೋಕ್ ಮಾತ್ರ ಬರಬ್ಯಾಡ" ಎಂದಳು. ಒಂದೇ ತೊಂದರೆ ಎಂದರೆ, ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಅವಳು ಓದಿದ್ದು ತೆಲುಗು ಶಾಲೆಯಲ್ಲಿ. ಮನೆಯ ಮಾತು ಇಬ್ಬರದೂ ಕನ್ನಡವೇ ಆದರೂ ಅವಳ ಕೈಗೆ ಬರುವುದು ತೆಲುಗು ಅಕ್ಷರ. ಹೀಗಾಗಿ ನನ್ನ ಪುಸ್ತಕದಲ್ಲಿ ಹತ್ತು ದಿನದ ಪುಟಗಳು ತೆಲುಗು ಅಕ್ಷರದ ಕನ್ನಡದಲ್ಲಿ, ಮದುವೆ ಮನೆಗೆ ಬಂದ ಬೀಗರ ಹಾಗೆ, ನಮ್ಮವರೇ ಆದರೂ ಸ್ವಲ್ಪ ಬೇರೆಯಾಗಿ ಕುಳಿತಿವೆ. ದಿನವೂ ಸಂಜೆ ನಾನು ಕಣ್ಣು ಮುಚ್ಚಿಕೊಂಡು ಗಂಭೀರವಾಗಿ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ನಾನು ಒಂದು ಸಾಲು ಹೇಳಿದರೆ ಪೆನ್ನಿನ ಸದ್ದು ನಾಲ್ಕು ಸಾಲಿನಷ್ಟು ಕೇಳುತ್ತಿತ್ತು. ತೆಲುಗು ಅಕ್ಷರಗಳು ದುಂಡಗಿವೆ, ಹೊತ್ತು ಹಿಡಿಯುತ್ತದೆ ಎಂದುಕೊಂಡೆ.

ತಲೆಗೆ ಪೆಟ್ಟು ಬಿದ್ದವನಿಗೆ ಲೋಕ ಎಷ್ಟು ಗದ್ದಲದ್ದು ಎಂದು ತಿಳಿಯುತ್ತದೆ. ಕುಕ್ಕರಿನ ಸೀಟಿ ನೇರವಾಗಿ ಹೊಲಿಗೆಯ ಮೇಲೇ ಕೂರುತ್ತಿತ್ತು. ಕಿಟಕಿಯ ಬೆಳಕಿಗೆ ಅಮ್ಮ ತನ್ನ ಹಳೆಯ ಸೀರೆಯನ್ನು ಪರದೆ ಮಾಡಿದಳು. ಆ ಕತ್ತಲೆಗೆ, ನಮ್ಮ ಕಡೆಯ ಪದ್ಧತಿಯಂತೆ, ನೋಡಿಕೊಂಡು ಹೋಗುವವರು ಬರತೊಡಗಿದರು. ಒಬ್ಬೊಬ್ಬರ ಕೈಯಲ್ಲೂ ಒಂದು ಬ್ರೆಡ್ಡು, ಒಂದು ಡಜನ್ ಬಾಳೆಹಣ್ಣು. ಬರೆಯುವಂತಿಲ್ಲವಲ್ಲ, ನಾನು ತಲೆದಿಂಬಿನ ಪಕ್ಕ ಉಪ್ಪಿನಕಾಯಿ ಬಾಟಲಿ ಇಟ್ಟುಕೊಂಡು, ಬಂದ ತಲೆಗೊಂದರಂತೆ ಹುಣಸೆ ಬೀಜ ಹಾಕುತ್ತಿದ್ದೆ. ಬೀಜ ಬಿದ್ದ ಟಿಣ್ ಸದ್ದಿಗೆ ಬಂದವರು ಬೆಚ್ಚಿ ಅಮ್ಮನ ಮುಖ ನೋಡುತ್ತಿದ್ದರು. "ಅದೇನಿಲ್ಲ, ಮೊದಲಿಂದ್ಲೂ ಅವನು ಹಂಗೇನೇ" ಎಂದು ಅಮ್ಮ ಸಮಾಧಾನ ಹೇಳುತ್ತಿದ್ದಳು.

ಬಂದವರೆಲ್ಲ ಡಾಕ್ಟರಮ್ಮನ ಮೇಲೆ ನಂಬಿಕೆಯಿಲ್ಲದೆ ತಾವೇ ಒಂದು ಪರೀಕ್ಷೆ ಮಾಡುತ್ತಿದ್ದರು. ಕುಂದುರ್ಪಿಯಿಂದ ಅಮ್ಮನ ದೂರದ ಅಣ್ಣನೊಬ್ಬ ಬಂದು ಬಗ್ಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಮುಖ ಇಟ್ಟು, "ನಾನ್ಯಾರು ಹೇಳ್ಲಾ ಮಂಜ, ನೋಡನ?" ಎಂದರು. ನನಗೆ ಗೊತ್ತಾಗಲಿಲ್ಲ. "ಅಯ್ಯೋ ಶಿವನೇ! ಗುರುತೇ ಹೋಗ್ಬುಟ್ಟೈತೆ ಕಣಮ್ಮ ನಿನ್ ಮಗನಿಗೆ!" ಎಂದು ಮಾವ ಗೋಡೆಗೆ ಒರಗಿದರು. ಅಮ್ಮ ಗಾಬರಿಯಿಂದ ಒಂದು ಲೋಟ ನೀರು ತಂದು ಕೊಟ್ಟಳು, ನನಗಲ್ಲ, ಅವರಿಗೆ. ಕೊನೆಗೆ ವಿಚಾರಿಸಿದರೆ ಅವರು ನನ್ನನ್ನು ಹಿಂದೆ ನೋಡಿದ್ದು ನನ್ನ ನಾಮಕರಣದ ದಿನ.

ಇವೆಲ್ಲದರ ನಡುವೆ ನನಗೆ ಬೇಕಾಗಿದ್ದದ್ದು ಒಂದೇ: ನಾನು ಬಿದ್ದದ್ದು ಹೇಗೆ? ಶೈಲಾಳನ್ನು ಕೇಳಿದರೆ "ಅಮ್ಮನ್ನ ಕೇಳು" ಎನ್ನುತ್ತಿದ್ದಳು. ಅಮ್ಮ ಬಂದವರಿಗೆ ಹೇಳುವುದನ್ನೇ ನಾನೂ ಕೇಳಿಸಿಕೊಳ್ಳುತ್ತಿದ್ದೆ. ಮೊದಲ ದಿನ ಪಕ್ಕದ ಮನೆಯವರಿಗೆ, "ಮೆಟ್ಲಿಂದ ಬಿದ್ಬುಟ್ಟ" ಎಂದಳು. ಮೂರನೆಯ ದಿನ ಸೆಟ್ಟೂರಿನ ಅತ್ತೆ ಬಂದಾಗ ಅದು ಮಹಡಿಯಾಯಿತು. ಕುಂದುರ್ಪಿಯ ಮಾವನ ಹೊತ್ತಿಗೆ ನಾನು ನೀರಿನ ಟ್ಯಾಂಕ್ ತೊಳೆಯಲು ಹತ್ತಿ ಅದರ ನೆತ್ತಿಯಿಂದ ಬಿದ್ದಿದ್ದೆ. ನಾನು ನಂಬಿದೆ. ಬೇರೆ ಸಾಕ್ಷಿ ಇರಲಿಲ್ಲ. ನಂಬಿದ್ದಷ್ಟೇ ಅಲ್ಲ, ಅಷ್ಟು ಎತ್ತರದಿಂದ ಬಿದ್ದು ನಾಲ್ಕೇ ಹೊಲಿಗೆಯಲ್ಲಿ ಮುಗಿಸಿದ ನನ್ನ ತಲೆಯ ಮೇಲೆ ನನಗೇ ಗೌರವ ಹುಟ್ಟಿತು. ಆ ಸಂಜೆ ದಿನಚರಿಗೆ ಟ್ಯಾಂಕಿನ ವಿಷಯವನ್ನು ವಿವರವಾಗಿ ಹೇಳಿದೆ. ಶೈಲಾ ಕೆಮ್ಮಿದಳು. ಪೆನ್ನು ಬಹಳ ಹೊತ್ತು ಓಡಿತು.

ಹನ್ನೊಂದನೆಯ ದಿನ ತಲೆನೋವು ಇರಲಿಲ್ಲ. ಹಿಂದೂಪುರದಿಂದ ಕಾಟಾ ಯಜಮಾನರು ಫೋನ್ ಮಾಡಿ, ಡಾಕ್ಟರ ಚೀಟಿ ತಂದರೆ ಸೋಮವಾರ ಕೆಲಸಕ್ಕೆ ಬರಬಹುದು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಅಮ್ಮನಿಗೆ ಹೇಳಿದ್ದರು. ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕಣ್ಣಿಗೆ ಟಾರ್ಚು ಬಿಟ್ಟರು, ಒಂದೇ ಗೆರೆಯ ಮೇಲೆ ನಡೆಸಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಕಳೆಯುವುದು ನನ್ನ ವೃತ್ತಿ. ಅವರು ಸಾಕು ಎಂದ ಮೇಲೂ ಎರಡಕ್ಕೆ ಬಂದು ನಿಂತೆ. ಚೀಟಿ ಬರೆಯಲು ಪೆನ್ನು ತೆಗೆದ ಅವರು ಸುಮ್ಮನೆ ಮಾತಿಗೆಂದು, ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ತಿರುಗಿ, "ಎಂತ ಎತ್ತು ನುಂಚಿ ಪಡ್ಡಾವಪ್ಪಾ? ಎಷ್ಟು ಎತ್ತರ ಇತ್ತು?" ಎಂದರು.

"ಟ್ಯಾಂಕಿನ ಮೇಲಿಂದ ಮೇಡಂ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಪೆನ್ನು ನಿಂತಿತು. "ಟ್ಯಾಂಕಾ? ಆವತ್ತು ಮೆಟ್ಲು ಅಂದ್ರಲ್ಲಮ್ಮ! ಅಷ್ಟು ಎತ್ತರದಿಂದ ಬಿದ್ದಿದ್ರೆ ಕತ್ತು, ಬೆನ್ನು ಎಲ್ಲಾ ನೋಡ್ಬೇಕು. ಇನ್ನೊಂದು ತಿಂಗಳು ಎಲ್ಲಿಗೂ ಕಳಿಸೋದಿಲ್ಲ. ಓದು, ಬರಹ ಏನೂ ಇಲ್ಲ."

ನನ್ನ ಕಣ್ಣ ಮುಂದೆ ಕಾಟಾದ ಕುರ್ಚಿ, ಅದರ ಮೇಲೆ ಇನ್ಯಾರೋ, ಮನೆಯಲ್ಲಿ ಒಂದು ತಿಂಗಳ ತೆಲುಗು ಪುಟಗಳು, ಎಲ್ಲ ಸಾಲಾಗಿ ಬಂದವು. ಅಮ್ಮ ನೆಲ ನೋಡುತ್ತಿದ್ದಳು. ನಾನು ಅವಳನ್ನು ನೋಡಿದೆ. ಅವಳು ಇನ್ನಷ್ಟು ನೆಲ ನೋಡಿದಳು.

ಶೈಲಾ ಚೀಲದಿಂದ ನನ್ನ ದಿನಚರಿ ತೆಗೆದಳು. "ಅಮ್ಮಾ, ಓದ್ಬುಡ್ತೀನಿ ಕಣಮ್ಮ" ಎಂದಳು. ಅಮ್ಮ ನೆಲ ನೋಡುತ್ತಲೇ ತಲೆಯಾಡಿಸಿದಳು.

"ಮೊದಲ್ನೇ ದಿನ," ಎಂದು ಶೈಲಾ ಓದಿದಳು. "ಅಣ್ಣ ಒಂದು ಮೆಟ್ಲಿಂದ ಬಿದ್ದ. ಮೆಟ್ಲು ಹದಿನಾಲ್ಕೇ ಅಂತ ನಂಗೆ ತೋರ್ಸೋಕೆ, ಒಂದೊಂದು ಇಳಿದಾಗ್ಲೂ ಸಣ್ ಪುಸ್ತಕದಾಗೆ ಒಂದೊಂದು ಗೀಟು ಹಾಕ್ಕೊಂಡು ಬಂದ. ಹದಿನಾಲ್ಕನೇ ಗೀಟು ಎಳೆದು, ನೋಡು, ಮುಗೀತು ಅಂದ. ನೆಲಕ್ಕೆ ಬಂದೆ ಅಂತ ಬೀಗ್ಕಂಡು ಕಾಲಿಟ್ಟ. ಇನ್ನೂ ಒಂದು ಮೆಟ್ಲು ಬಾಕಿ ಇತ್ತು. ಬಟ್ಟೆ ಒಗೆಯೋ ಕಲ್ಲಿಗೆ ತಲೆ ಬಡೀತು. ಆಸ್ಪತ್ರೆಯಾಗೆ, ಮೆಟ್ಲು ಎಷ್ಟು ಅಂತ ಹನ್ನೊಂದು ಸಲ ಕೇಳ್ದ. ಹನ್ನೊಂದು ಸಲಾನೂ ಹದಿನೈದು ಅಂದೆ. ಹನ್ನೊಂದು ಸಲಾನೂ ಅಲ್ಲ ಅಂದ."

ಡಾಕ್ಟರಮ್ಮ ಕುರ್ಚಿ ಮುಂದೆ ಎಳೆದುಕೊಂಡರು. ಶೈಲಾ ಪುಟ ತಿರುಗಿಸಿದಳು. ಎರಡನೆಯ ದಿನ ಅದೇ ಪ್ರಶ್ನೆ ಎರಡು ಸಲ. ಮೂರನೆಯ ದಿನದಿಂದ ಇಲ್ಲ. ತಲೆನೋವು, ಗಂಟೆಯ ಸಮೇತ. ನಾನು ಕುಕ್ಕರಿಗೆ ಬೈದದ್ದು, ಬಾಳೆಹಣ್ಣಿಗೆ ಬೈದದ್ದು, ಅವಳಿಗೆ ಬೈದದ್ದು, ಬೇರೆ ಬೇರೆ ಕಾಲಂ. ಎಲ್ಲವೂ ದಿನದಿಂದ ದಿನಕ್ಕೆ ಇಳಿದು ಒಂಬತ್ತನೆಯ ದಿನ ಸೊನ್ನೆ. ನಾನು ಹೇಳಿ ಬರೆಸಿದ ಟ್ಯಾಂಕಿನ ಸಾಹಸ ಒಂದು ಸಾಲಿನಲ್ಲಿತ್ತು: "ಅಣ್ಣ ಇವತ್ತು ಟ್ಯಾಂಕಿಂದ ಬಿದ್ದ."

"ನೀನು ನಿಂತಿರೋ ಮೆಟ್ಲನ್ನ ಯಾವತ್ತೂ ಎಣಿಸಲ್ಲ ಕಣಣ್ಣ" ಎಂದು ಅವಳು ನನ್ನ ಕಡೆ ತಿರುಗಿದಳು. "ಮೊದಲ್ನೇ ಮೆಟ್ಲ ಮೇಲೆ ನಿಂತ್ಕಂಡು ಆಮೇಲೆ ಒಂದು ಅಂತ ಶುರು ಮಾಡ್ತೀಯ. ಏಳು ವರ್ಷದಿಂದ ಇದೇ ತಪ್ಪು." ಕೊನೆಗೆ ಆ ಸಣ್ಣ ಪುಸ್ತಕವನ್ನೂ ತೆಗೆದು ಮೇಜಿನ ಮೇಲೆ ಇಟ್ಟಳು. ಹದಿನಾಲ್ಕು ಅಚ್ಚುಕಟ್ಟಾದ ಗೀಟುಗಳು. ಅದರ ಮುಂದೆ ಪುಟದ ಅಂಚಿನವರೆಗೆ, ಅಂಚನ್ನೂ ಹರಿದುಕೊಂಡು ಹೋದ ಒಂದು ಉದ್ದನೆಯ ಗೀಟು. ಹದಿನೈದನೆಯದನ್ನೂ ನಾನೇ ಎಳೆದಿದ್ದೆ.

ಮೊದಲು ನಕ್ಕದ್ದು ಬಾಗಿಲ ಬಳಿ ನಿಂತಿದ್ದ ನರ್ಸಮ್ಮ. ಆಮೇಲೆ ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಂದು ಮೆಟ್ಲು ಅಂದ್ರೆ ಏನಮ್ಮ? ಅದಕ್ಕೂ ಸುಳ್ಳು ಹೇಳ್ತಾರಾ?" ಎಂದು ಅಮ್ಮನನ್ನು ಕೇಳಿದರು.

"ಏನ್ ಮಾಡ್ಲಿ ಮೇಡಂ, ಹೆಣ್ಣು ನೋಡ್ತಾ ಇದ್ದೀವಿ" ಎಂದಳು ಅಮ್ಮ. "ಒಂದ್ ಮೆಟ್ಲು ಇಳಿಯೋಕ್ ಬರ್ದೇ ಇರೋನಿಗೆ ಯಾರ್ ಕೊಡ್ತಾರೆ? ಟ್ಯಾಂಕ್ ಅಂದ್ರೆ ಮನೆ ಕೆಲ್ಸ ಮಾಡೋ ಹುಡ್ಗ ಅಂತನಾದ್ರೂ ಅಂತಾರೆ." ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶೈಲಾ ದಿನಚರಿಯ ಹಿಂದೆ ಮುಖ ಮರೆಸಿಕೊಂಡು ನಕ್ಕಳು.

ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ತಲೆ ಸರಿಯಾಗಿದೆ, ಕೆಲಸಕ್ಕೆ ಹೋಗಬಹುದು, ಮೊದಲ ವಾರ ಸ್ವಲ್ಪ ಸ್ವಲ್ಪ ಹೊತ್ತು ಓದಬಹುದು, ಬರೆಯಬಹುದು. ಇಂಥ ರೆಕಾರ್ಡ್ ತಮ್ಮ ಆಸ್ಪತ್ರೆಯಲ್ಲೂ ಇಟ್ಟಿಲ್ಲ ಎಂದರು. ಅದು ನನ್ನ ಪುಸ್ತಕವೇ ಆದ್ದರಿಂದ ಹೊಗಳಿಕೆ ನನಗೇ ಎಂದು ಕೈ ಮುಗಿಯಲು ಮೇಲೇಳಹೊರಟೆ. ಅವರು ಶೈಲಾಳನ್ನು ನೋಡಿ ಹೇಳುತ್ತಿದ್ದರು.

ಆ ಸಂಜೆ ಹನ್ನೊಂದನೆಯ ಪುಟವನ್ನು ನನ್ನ ಕೈಯಿಂದಲೇ ಬರೆದೆ. ಹೊಲಿಗೆ: ನಾಲ್ಕು. ಬಾಟಲಿಯಲ್ಲಿ ಹುಣಸೆ ಬೀಜ: ಮೂವತ್ತೊಂದು. ಮೆಟ್ಟಿಲು: ಹದಿನೈದು. ಆಸ್ಪತ್ರೆಯಲ್ಲಿ ನಕ್ಕವರು: ನಾಲ್ವರು. ಶೈಲಾ ಹೆಗಲ ಮೇಲಿಂದ ಇಣುಕಿದಳು.

"ನೀನೂ ನಕ್ಕೆ ಕಣಣ್ಣ. ನಿಂತಿರೋ ಮೆಟ್ಲನ್ನ ಮತ್ತೆ ಬಿಟ್ಬುಟ್ಟೆ."

ನೆನಪು ಮಾಡಿಕೊಂಡೆ. ನಕ್ಕಿದ್ದೆ, ಹೊಲಿಗೆ ಹಿಡಿದುಕೊಂಡು ನಕ್ಕಿದ್ದೆ. ನಾಲ್ವರು ಎಂಬುದನ್ನು ಹೊಡೆದು ಐವರು ಎಂದು ತಿದ್ದಿದೆ. ಡಾಕ್ಟರಮ್ಮನ ಚೀಟಿಯ ನಕಲನ್ನು ಅದೇ ಪುಟಕ್ಕೆ ಅಂಟಿಸಿದ್ದೇನೆ. ತಲೆ ಸರಿಯಾಗಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಎಣಿಕೆಯ ಬಗ್ಗೆ ಏನೂ ಬರೆದಿಲ್ಲ.